ರೆಗ್ಯುಲೇಟರ್ ಬಿಚ್ಚುವ ಮುನ್ನ ಒತ್ತಡ ಅಳೆಯಿರಿ

ಸ್ಕೂಬಾ ಡೈವರ್ ಬೆನ್ನಿಗೆ ಕಟ್ಟಿಕೊಳ್ಳುವ ಸಿಲಿಂಡರಿನಲ್ಲಿ ಗಾಳಿಯನ್ನು ಸಾಮಾನ್ಯವಾಗಿ 200 ಬಾರ್ ಆಸುಪಾಸಿನ ಒತ್ತಡದಲ್ಲಿ ತುಂಬಿರುತ್ತಾರೆ. ಅದನ್ನು ಉಸಿರಾಟಕ್ಕೆ ಒಗ್ಗುವಂತೆ ಇಳಿಸಿಕೊಡುವ ಸಾಧನವೇ ರೆಗ್ಯುಲೇಟರ್. ಸಿಲಿಂಡರಿನ ಮೇಲೆ ಕೂರುವ ಮೊದಲ ಹಂತವು ಈ ಒತ್ತಡವನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 9–10 ಬಾರ್ ಹೆಚ್ಚಿನ ಮಟ್ಟಕ್ಕೆ ತರುತ್ತದೆ (ಇದೇ ಮಧ್ಯಂತರ ಒತ್ತಡ); ಬಾಯಲ್ಲಿ ಕಚ್ಚಿಕೊಳ್ಳುವ ಎರಡನೆಯ ಹಂತವು ಉಸಿರೆಳೆದಾಗ ಮಾತ್ರ ತೆರೆದು, ಸುತ್ತಲಿನ ಒತ್ತಡದಲ್ಲೇ ಗಾಳಿ ಒದಗಿಸುತ್ತದೆ. ಉಸಿರೆಳೆದಾಗಷ್ಟೇ ಗಾಳಿ ಕೊಡುವ ಈ ತತ್ವ, ಝಾಕ್ ಕುಸ್ತೊ ಮತ್ತು ಎಮಿಲ್ ಗಾನ್ಯಾನ್ 1943ರಲ್ಲಿ ರೂಪಿಸಿದ ಆಕ್ವಾಲಂಗ್ ಎಂಬ ಡೈವಿಂಗ್ ಸಾಧನದಿಂದ ಇಂದಿನವರೆಗೂ ಬದಲಾಗಿಲ್ಲ.

ಇದನ್ನು ಬಿಚ್ಚಿ ಜೋಡಿಸುವುದಕ್ಕಿಂತ, ಜೋಡಿಸಿದ್ದು ಸರಿಯಾಗಿದೆಯೇ ಎಂದು ಅಳೆದು ತಿಳಿಯುವುದೇ ಕಷ್ಟದ ಕೆಲಸ. ಆದ್ದರಿಂದ ಮಧ್ಯಂತರ ಒತ್ತಡ ತೋರಿಸುವ ಗೇಜ್, ಆ ಮಾದರಿಯದೇ ಸರ್ವಿಸ್ ಕೈಪಿಡಿ ಮತ್ತು ಅದಕ್ಕೆ ಸರಿಹೊಂದುವ ಬಿಡಿಭಾಗಗಳ ಕಿಟ್, ಈ ಮೂರೂ ಕೈಯಲ್ಲಿಲ್ಲದವರು ಸ್ಪ್ಯಾನರ್ ಹಿಡಿಯದಿರುವುದೇ ಲೇಸು. ಹಲವು ತಯಾರಕರು ಕಿಟ್‌ಗಳನ್ನು ತರಬೇತಿ ಪಡೆದ ತಂತ್ರಜ್ಞರಿಗೆ ಮಾತ್ರ ಕೊಡುತ್ತಾರೆ. ಮನೆಯಲ್ಲಿ ಬಿಚ್ಚಿದರೆ ವಾರಂಟಿ ಹೋಗುವುದೂ ಉಂಟು. ಶೇ 40ಕ್ಕಿಂತ ಹೆಚ್ಚು ಆಮ್ಲಜನಕವಿರುವ ಮಿಶ್ರಣಕ್ಕೆ ಬಳಸುವ ರೆಗ್ಯುಲೇಟರಿಗೆ ಬೇರೆಯೇ ಬಗೆಯ ಶುದ್ಧೀಕರಣ ಬೇಕಾಗುತ್ತದೆ; ಅದನ್ನು ಮನೆಯಲ್ಲಿ ಮುಟ್ಟಬಾರದು.

ಮೊದಲಿಗೆ, ಏನನ್ನೂ ಬಿಚ್ಚದೆ ರೆಗ್ಯುಲೇಟರನ್ನು ಸಿಲಿಂಡರಿಗೆ ಜೋಡಿಸಿ, ನೀರಿನಲ್ಲಿ ತೇಲುವಿಕೆ ಹೊಂದಿಸಿಕೊಳ್ಳುವ ಜಾಕೆಟ್ಟಿಗೆ ಗಾಳಿ ಕೊಡುವ ಕೊಳವೆಯ ತುದಿಗೆ ಗೇಜ್ ಸಿಕ್ಕಿಸಿ, ವಾಲ್ವನ್ನು ನಿಧಾನವಾಗಿ ತೆರೆಯಬೇಕು. ಎರಡನೆಯ ಹಂತದ ಮೇಲಿರುವ, ಒತ್ತಿದರೆ ಗಾಳಿ ಹೊರಬಿಡುವ ಪರ್ಜ್ ಬಟನ್ ಒತ್ತಿ ಬಿಟ್ಟಾಗ ಮುಳ್ಳು ಇಳಿದು, ತಕ್ಷಣ ಮೇಲೆ ಬಂದು, ಒಂದೇ ಅಂಕಿಯಲ್ಲಿ ನಿಲ್ಲಬೇಕು. ನಿಂತಂತೆ ಕಂಡು ಬಳಿಕ ನಿಮಿಷಗಟ್ಟಲೆ ಮೆಲ್ಲಗೆ ಏರುತ್ತಲೇ ಹೋದರೆ, ಮೊದಲ ಹಂತದ ಸೀಟ್ (ಗಾಳಿಯ ದಾರಿಯನ್ನು ಮುಚ್ಚುವ ಮೆದು ಭಾಗ) ಸವೆದಿರುವ ಸಂಭವವೇ ಹೆಚ್ಚು. ಈ ಪರೀಕ್ಷೆಯ ವೇಳೆ ಕನಿಷ್ಠ ಒಂದು ಎರಡನೆಯ ಹಂತ ಜೋಡಣೆಯಲ್ಲಿ ಇರಲೇಬೇಕು. ಒತ್ತಡ ಮಿತಿ ಮೀರಿದಾಗ ಅದರ ಕವಾಟ ತಾನಾಗಿ ತೆರೆದು ಹೆಚ್ಚುವರಿ ಗಾಳಿಯನ್ನು ಹೊರಬಿಡುತ್ತದೆ. ಅದಿಲ್ಲದಿದ್ದರೆ ಕೊಳವೆಯೋ ಗೇಜೋ ಸಿಡಿಯಬಹುದು. ಕಂಡ ಅಂಕಿಯನ್ನು ಬರೆದಿಟ್ಟುಕೊಂಡ ಮೇಲೆ ವಾಲ್ವ್ ಮುಚ್ಚಿ, ಪರ್ಜ್ ಒತ್ತಿ ಒಳಗಿನ ಗಾಳಿಯನ್ನೆಲ್ಲ ಖಾಲಿ ಮಾಡಿ, ಸಿಲಿಂಡರಿನಿಂದ ಬೇರ್ಪಡಿಸಬೇಕು.

ಬಿಚ್ಚುವಾಗ ಪ್ರತಿ ಭಾಗವನ್ನೂ ಕಳಚಿದ ಕ್ರಮದಲ್ಲೇ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟು, ನಡುನಡುವೆ ಫೋಟೊ ತೆಗೆದುಕೊಂಡರೆ ಜೋಡಿಸುವಾಗ ಗೊಂದಲವಿರುವುದಿಲ್ಲ. ಗಾಳಿ ಒಳಹೋಗುವ ಬಾಯಲ್ಲಿರುವ ಲೋಹದ ಸಣ್ಣ ಫಿಲ್ಟರನ್ನು ಎಸೆಯುವ ಮುನ್ನ ಬೆಳಕಿಗೆ ಹಿಡಿದು ನೋಡುವುದು ಒಳ್ಳೆಯದು: ಹಸಿರು ಕಿಲುಬು ಕಂಡರೆ ಉಪ್ಪುನೀರು ಒಳಹೊಕ್ಕಿದೆ, ಕಂದು ಪುಡಿ ಕಂಡರೆ ಉಕ್ಕಿನ ಸಿಲಿಂಡರಿನ ಒಳಗೆ ತುಕ್ಕು ಹಿಡಿದಿರಬಹುದು, ಕಪ್ಪು ಪುಡಿಯಿದ್ದರೆ ಕಂಪ್ರೆಸರಿನ ಶೋಧಕದ ಮೇಲೆ ಸಂಶಯ ಪಡಬೇಕು. ಸೋರಿಕೆ ತಡೆಯುವ ರಬ್ಬರ್ ಬಳೆಗಳಾದ ಓ-ರಿಂಗುಗಳನ್ನು ಹಿತ್ತಾಳೆಯ ಅಥವಾ ಪ್ಲಾಸ್ಟಿಕ್ಕಿನ ಕಡ್ಡಿಯಿಂದ ಮಾತ್ರ ಎಬ್ಬಿಸಬೇಕು. ಉಕ್ಕಿನ ಸೂಜಿ ಓ-ರಿಂಗ್ ಕೂರುವ ತೋಡಿನಲ್ಲಿ ಕೂದಲೆಳೆಯಷ್ಟು ಗೀರು ಎಳೆದರೂ ಸಾಕು, ಆಮೇಲೆ ಎಷ್ಟು ಹೊಸ ರಿಂಗ್ ಹಾಕಿದರೂ ಅಲ್ಲಿ ಸೋರುತ್ತದೆ.

ಲೋಹದ ಭಾಗಗಳನ್ನು ಪಾತ್ರೆ ತೊಳೆಯುವ ಸೋಪು ಬೆರೆಸಿದ ಬೆಚ್ಚಗಿನ ನೀರಿನಲ್ಲಿ ಮೆದು ಬ್ರಷ್‌ನಿಂದ ಉಜ್ಜಬೇಕು. ಕಿಲುಬು ಬಿಡದಿದ್ದರೆ ಬಿಳಿ ವಿನಿಗರಿಗೆ ಅಷ್ಟೇ ನೀರು ಬೆರೆಸಿ ಕೆಲವು ನಿಮಿಷ ಮಾತ್ರ ನೆನೆಸಬಹುದು. ಹೆಚ್ಚು ಹೊತ್ತು ಬಿಟ್ಟರೆ ಕ್ರೋಮ್ ಲೇಪನ ಎದ್ದ ಕಡೆ ಆಮ್ಲವು ಹಿತ್ತಾಳೆಯನ್ನೇ ತಿನ್ನತೊಡಗುತ್ತದೆ. ರಬ್ಬರು, ಸಿಲಿಕೋನ್ ಭಾಗಗಳಿಗೆ ಸೋಪುನೀರು ಸಾಕು. ಶುದ್ಧ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಆರಿಫಿಸ್‌ನ (ಗಾಳಿ ಹಾದುಹೋಗುವ ಕಿರುರಂಧ್ರದ) ಅಂಚನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸಬೇಕು. ಸೀಟಿಗೆ ಒತ್ತಿಕೊಂಡು ಗಾಳಿಯನ್ನು ತಡೆಯುವುದು ಈ ಚೂಪು ಅಂಚೇ. ಅದರಲ್ಲಿ ಕಚ್ಚು ಬಿದ್ದಿದ್ದರೆ ಹೊಸ ಸೀಟ್ ಹಾಕಿ ಪ್ರಯೋಜನವಿಲ್ಲ.

ಗ್ರೀಸಿನ ವಿಷಯದಲ್ಲಿ ಕೈ ಬಿಗಿಯಿರಲಿ. ಓ-ರಿಂಗಿಗೆ ಬರಿಯ ಹೊಳಪು ಬಂದರೆ ಸಾಕು, ಮುದ್ದೆ ನಿಲ್ಲಬಾರದು. ಸಿಲಿಕೋನ್ ಗ್ರೀಸನ್ನು ಸಿಲಿಕೋನ್ ಡಯಾಫ್ರಾಮಿಗೆ (ಒತ್ತಡಕ್ಕೆ ಬಾಗುವ ತೆಳು ಪೊರೆಗೆ) ಹಚ್ಚಿದರೆ ಅದು ಉಬ್ಬಿ ಮೆತ್ತಗಾಗುತ್ತದೆ. ಜೋಡಿಸುವಾಗ ಕೈಪಿಡಿಯಲ್ಲಿ ಹೇಳಿದ ಬಿಗಿತವನ್ನು ಟಾರ್ಕ್ ವ್ರೆಂಚಿನಿಂದಲೇ ಕೊಡಬೇಕು. ನಂತರ ಮತ್ತೆ ಗೇಜ್ ಹಾಕಿ, ಡಯಾಫ್ರಾಮ್ ಮಾದರಿಯಾದರೆ ಹೊಂದಾಣಿಕೆಯ ತಿರುಪಿನಿಂದ, ಪಿಸ್ಟನ್ ಮಾದರಿಗಳಲ್ಲಿ ಹಲವಕ್ಕೆ ಸ್ಪ್ರಿಂಗಿನ ಬಳಿ ತೆಳು ಬಿಲ್ಲೆಗಳನ್ನು ಸೇರಿಸಿ ಅಥವಾ ತೆಗೆದು, ಮಧ್ಯಂತರ ಒತ್ತಡವನ್ನು ಕೈಪಿಡಿಯ ಮಿತಿಗೆ ತರಬೇಕು. ಮುಳ್ಳು ಇನ್ನೂ ಏರುತ್ತಿದ್ದರೆ ಒತ್ತಡವನ್ನು ತಗ್ಗಿಸಿ ದೋಷವನ್ನು ಮರೆಮಾಚಬಾರದು, ಮತ್ತೆ ಬಿಚ್ಚಿ ಕಾರಣ ಹುಡುಕಬೇಕು.

ಎರಡನೆಯ ಹಂತದ ಹೊಂದಾಣಿಕೆಗೆ ತಾಳ್ಮೆ ಬೇಕು. ಆರಿಫಿಸನ್ನು ಒಳಕ್ಕೆ ತಿರುಗಿಸಿದಷ್ಟೂ ಅದು ಸೀಟನ್ನು ಹೆಚ್ಚು ಒತ್ತುತ್ತದೆ, ಉಸಿರೆಳೆಯಲು ಹೆಚ್ಚು ಬಲ ಬೇಕಾಗುತ್ತದೆ. ಸಡಿಲಬಿಟ್ಟರೆ ಗಾಳಿ ಸುಸ್ಸೆಂದು ಸೋರುತ್ತದೆ. ಪ್ರತಿ ಸಲ ತಿರುಗಿಸುವಾಗಲೂ ಪರ್ಜ್ ಬಟನನ್ನು ಒತ್ತಿ ಹಿಡಿಯಬೇಕು, ಇಲ್ಲವಾದರೆ ಆರಿಫಿಸ್‌ನ ಅಂಚು ತಿರುಗುತ್ತ ಹೊಸ ಸೀಟಿನ ರಬ್ಬರನ್ನೇ ಕೊರೆಯುತ್ತದೆ. ಸದ್ದು ನಿಂತ ಮೇಲೆ ಒಂದಿಷ್ಟೇ ಮುಂದೆ ತಿರುಗಿಸಿ ಬಿಡಬೇಕು. ಪರೀಕ್ಷೆಗೆ ಬೋಗುಣಿಯಷ್ಟು ನೀರು ಸಾಕು: ಬಾಯಿಗಿಡುವ ತುದಿ ಮೇಲಿರುವಂತೆ ಹಿಡಿದು ನಿಧಾನವಾಗಿ ಮುಳುಗಿಸಿದಾಗ, ಡಯಾಫ್ರಾಮ್ ನೀರಿನ ಮಟ್ಟದಿಂದ ಸುಮಾರು 2.5ರಿಂದ 4 ಸೆಂಟಿಮೀಟರ್ ಕೆಳಗಿಳಿಯುವ ಹೊತ್ತಿಗೆ ಗಾಳಿ ಹರಿಯತೊಡಗಬೇಕು. ಬಳಿಕ ಸಿಲಿಂಡರ್ ಮುಚ್ಚಿ, ಗಾಳಿ ಖಾಲಿ ಮಾಡಿ, ಬಾಯಿಂದ ಎಳೆದು ನೋಡಬೇಕು. ಸ್ವಲ್ಪವೂ ಗಾಳಿ ಬರುತ್ತಿದ್ದರೆ ಡಯಾಫ್ರಾಮೋ ನಿಶ್ವಾಸದ ಕವಾಟವೋ ಸರಿಯಾಗಿ ಕೂತಿಲ್ಲ, ನೀರಿನಲ್ಲಿ ಅದೇ ದಾರಿಯಿಂದ ಬಾಯಿಗೆ ನೀರು ಬರುತ್ತದೆ.

ಹೊಸ ಸೀಟ್ ಆರಿಫಿಸ್‌ಗೆ ಒಗ್ಗಿಕೊಳ್ಳುವವರೆಗೆ ಹೊಂದಾಣಿಕೆ ಕೊಂಚ ಜರುಗುವುದು ಸಹಜ. ಹಾಗಾಗಿ ಪರ್ಜ್ ಬಟನನ್ನು ಹಲವು ಬಾರಿ ಒತ್ತಿ ಬಿಟ್ಟು, ಒಂದು ರಾತ್ರಿ ಕಳೆದ ಮೇಲೆ ಎಲ್ಲ ಅಳತೆಗಳನ್ನೂ ಮತ್ತೊಮ್ಮೆ ತೆಗೆದುಕೊಳ್ಳಬೇಕು. ಮೊದಲ ಬಾರಿ ನೀರಿಗಿಳಿಯುವುದು ಎದ್ದು ನಿಂತರೆ ತಲೆ ಮೇಲಿರುವಷ್ಟು ಆಳಕ್ಕೆ ಮಾತ್ರ. ಅಲ್ಲಿ ಬೋರಲಾಗಿ, ಅಂಗಾತವಾಗಿ, ತಲೆಕೆಳಗಾಗಿ ಉಸಿರಾಡಿ ನೋಡಿ, ಮೇಲೆ ಬಂದ ಬಳಿಕ ಇನ್ನೊಮ್ಮೆ ಗೇಜ್ ಸಿಕ್ಕಿಸಿ ಅಂಕಿಯನ್ನು ಹೋಲಿಸಬೇಕು.