ಮಳೆ ನಕ್ಷತ್ರಗಳಿಂದ ಆಕಾಶ ಓದಲು ಕಲಿಯುವ ಬಗೆ

ಖಗೋಳ ವಿಜ್ಞಾನ ಕಲಿಯಲು ಹೊರಟ ವಿದ್ಯಾರ್ಥಿಗಳು ಮೊದಲು ಕೇಳುವ ಪ್ರಶ್ನೆ, ಯಾವ ದೂರದರ್ಶಕ ಕೊಳ್ಳಬೇಕು ಎಂಬುದು. ಮೊದಲ ವರ್ಷ ಯಾವುದನ್ನೂ ಕೊಳ್ಳಬೇಡಿ ಎಂದೇ ನಾನು ಹೇಳುತ್ತೇನೆ. ಇನ್ನೂರು ಪುಟದ ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಗಾಜಿಗೆ ಕೆಂಪು ಜಿಲೇಟಿನ್ ಪೇಪರ್ ಕಟ್ಟಿದ ಟಾರ್ಚ್, ಮತ್ತು ಪ್ರತಿ ಸಲವೂ ಹೋಗಿ ನಿಲ್ಲಲು ಒಂದೇ ಜಾಗ, ಇಷ್ಟಿದ್ದರೆ ಸಾಕು. ಮನೆಯ ತಾರಸಿ, ಕಣ, ಶಾಲೆಯ ಮೈದಾನ ಯಾವುದಾದರೂ ಆಗಬಹುದು. ಪೂರ್ವ ಮತ್ತು ದಕ್ಷಿಣ ದಿಕ್ಕುಗಳು ತೆರೆದಿರಬೇಕು, ಬೀದಿ ದೀಪ ನೇರವಾಗಿ ಕಣ್ಣಿಗೆ ಬೀಳಬಾರದು. ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಸುಮಾರು 20 ನಿಮಿಷ ಬೇಕಾಗುತ್ತದೆ, ಒಮ್ಮೆ ಮೊಬೈಲ್ ಪರದೆ ನೋಡಿದರೆ ಆ 20 ನಿಮಿಷವನ್ನು ಮತ್ತೆ ಮೊದಲಿನಿಂದ ಎಣಿಸಬೇಕಾಗುತ್ತದೆ. ಕೆಂಪು ಬೆಳಕು ಮಾತ್ರ ಕಣ್ಣನ್ನು ಅಷ್ಟಾಗಿ ಕೆಡಿಸುವುದಿಲ್ಲ, ಟಾರ್ಚಿಗೆ ಕೆಂಪು ಕಾಗದ ಕಟ್ಟುವುದು ಅದಕ್ಕಾಗಿ.

ಎಲ್ಲಿಂದ ಆರಂಭಿಸಬೇಕು ಎಂಬುದರ ಬಗ್ಗೆ ನನಗೆ ಸ್ಪಷ್ಟವಾದ ಅಭಿಪ್ರಾಯವಿದೆ. ನಮ್ಮ ರೈತಾಪಿ ಮನೆಗಳಲ್ಲಿ ಅಶ್ವಿನಿ, ಭರಣಿಯಿಂದ ಹಿಡಿದು ಸ್ವಾತಿ, ವಿಶಾಖೆಯವರೆಗೆ ಮಳೆಗಳ ಹೆಸರು ಎಲ್ಲರ ಬಾಯಲ್ಲೂ ಇವೆ. 'ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ' ಎಂಬ ಗಾದೆ ಕೇಳದ ಬಯಲುಸೀಮೆಯವರು ಕಡಿಮೆ. ಆದರೆ ಆ ರೋಹಿಣಿ ಆಕಾಶದಲ್ಲಿ ಯಾವುದು ಎಂದು ಕೇಳಿದರೆ ಬೆರಳು ಮಾಡಿ ತೋರಿಸಬಲ್ಲವರು ಇನ್ನೂ ಕಡಿಮೆ. ಹೆಸರು ಈಗಾಗಲೇ ನಮ್ಮಲ್ಲಿದೆ, ಅದಕ್ಕೆ ಚುಕ್ಕಿಯನ್ನು ಜೋಡಿಸಿಕೊಳ್ಳುವುದಷ್ಟೇ ಉಳಿದಿರುವ ಕೆಲಸ. ಆದ್ದರಿಂದ ನಿಮ್ಮ ಮೊದಲ ನಕ್ಷತ್ರ ರೋಹಿಣಿಯೇ ಆಗಲಿ, ಮೊದಲ ತಿಂಗಳು ಹಿಂಗಾರು ಮೋಡ ಸರಿದ ನವೆಂಬರ್ ಆಗಲಿ.

ಆಕಾಶದಲ್ಲಿ ಅಂತರವನ್ನು ಅಡಿ, ಮೀಟರುಗಳಲ್ಲಿ ಹೇಳಲಾಗದು, ಡಿಗ್ರಿಗಳಲ್ಲಿ ಹೇಳಬೇಕು. ಅದಕ್ಕೆ ಬೇಕಾದ ಅಳತೆಗೋಲು ನಿಮ್ಮ ಕೈಯೇ. ತೋಳನ್ನು ಪೂರ್ತಿ ಚಾಚಿ ಒಂದು ಕಣ್ಣು ಮುಚ್ಚಿ ನೋಡಿದಾಗ ಕಿರುಬೆರಳಿನ ಅಗಲ ಸುಮಾರು 1 ಡಿಗ್ರಿ, ನಡುವಿನ ಮೂರು ಬೆರಳು ಸೇರಿ 5 ಡಿಗ್ರಿ, ಬಿಗಿದ ಮುಷ್ಟಿ 10 ಡಿಗ್ರಿ, ಹೆಬ್ಬೆರಳಿನ ತುದಿಯಿಂದ ಕಿರುಬೆರಳಿನ ತುದಿಯವರೆಗಿನ ಒಂದು ಗೇಣು 20 ಡಿಗ್ರಿಗಿಂತ ತುಸು ಹೆಚ್ಚು. ಮಕ್ಕಳ ಕೈ ಚಿಕ್ಕದು ನಿಜ, ಆದರೆ ತೋಳೂ ಚಿಕ್ಕದಾಗಿರುವುದರಿಂದ ಲೆಕ್ಕ ಬಹುತೇಕ ಸರಿಹೋಗುತ್ತದೆ. ಪೂರ್ಣಚಂದ್ರನನ್ನು ಕಿರುಬೆರಳಿನಿಂದ ಮುಚ್ಚಿ ನೋಡಿ. ಅಷ್ಟು ದೊಡ್ಡದಾಗಿ ತೋರುವ ಚಂದ್ರನ ಅಗಲ ಅರ್ಧ ಡಿಗ್ರಿ ಮಾತ್ರ, ಬೆರಳ ಹಿಂದೆ ಪೂರ್ತಿ ಅಡಗಿಬಿಡುತ್ತಾನೆ.

ಈಗ ಮೊದಲ ಪಾಠ. ನವೆಂಬರ್ ಮಧ್ಯದಲ್ಲಿ ರಾತ್ರಿ 8 ಗಂಟೆಗೆ ಪೂರ್ವಕ್ಕೆ ಮುಖ ಮಾಡಿ ನಿಂತರೆ ಒಂದು ಹಿಡಿ ಸಣ್ಣ ಚುಕ್ಕಿಗಳ ಗುಂಪು ಕಾಣುತ್ತದೆ. ಅದು ಕೃತ್ತಿಕೆ. ಅದರ ಕೆಳಗೆ ಸುಮಾರು ಒಂದೂವರೆ ಮುಷ್ಟಿ ದೂರದಲ್ಲಿ ಕಿತ್ತಳೆ ಕೆಂಪಿನ ಒಂಟಿ ಪ್ರಕಾಶ ಕಂಡರೆ ಅದೇ ರೋಹಿಣಿ. ಕ್ಷಿತಿಜದಿಂದ ಅದು ಎಷ್ಟು ಮುಷ್ಟಿ ಮೇಲಿದೆ ಎಂದು ಅಳೆದು, ದಿನಾಂಕ ಮತ್ತು ಗಂಟೆಯೊಂದಿಗೆ ಬರೆದಿಡಿ. ಎದುರಿನ ಮರ, ಕಂಬ, ನೀರಿನ ಟ್ಯಾಂಕುಗಳ ಗೆರೆಚಿತ್ರವನ್ನೂ ಬರೆದು ಚುಕ್ಕಿಯ ಜಾಗ ಗುರುತಿಸಿ. ಹದಿನೈದು ದಿನ ಬಿಟ್ಟು ಅದೇ ಜಾಗದಲ್ಲಿ, ಅದೇ 8 ಗಂಟೆಗೆ ಮತ್ತೆ ನಿಲ್ಲಿ.

ಎಂಟನೇ ತರಗತಿಯ ಒಬ್ಬ ಹುಡುಗಿ ಹೀಗೆ ಬರೆದ ಪುಟವೊಂದು ನನ್ನ ಕಣ್ಣ ಮುಂದೆ ಈಗಲೂ ಇದೆ. ತೆಂಗಿನ ಮರದ ಗರಿಗಳ ನಡುವೆ ಒಂದು ಚುಕ್ಕಿ, ಪಕ್ಕದಲ್ಲಿ 'ನವೆಂಬರ್ 15, ಒಂದೂಕಾಲು ಮುಷ್ಟಿ' ಎಂಬ ಟಿಪ್ಪಣಿ. ಅದೇ ಪುಟದಲ್ಲಿ ಮರದ ತಲೆಯಿಂದ ಎಷ್ಟೋ ಮೇಲೆ ಇನ್ನೊಂದು ಚುಕ್ಕಿ, 'ನವೆಂಬರ್ 30, ಎರಡೂ ಮುಕ್ಕಾಲು'. ತಾನು ತಪ್ಪಾಗಿ ಅಳೆದಿದ್ದೇನೆ ಎಂದುಕೊಂಡು ಮೊದಲ ಅಂಕಿಯನ್ನು ಅಳಿಸಲು ಹೊರಟಿದ್ದಳು. ಅಳಿಸಬೇಡ ಎಂದು ತಡೆದೆ, ಯಾಕೆಂದರೆ ಭೂಮಿ ಸೂರ್ಯನನ್ನು ಸುತ್ತುತ್ತಿದೆ ಎಂಬುದಕ್ಕೆ ಅವಳ ಕೈಯಿಂದಲೇ ಸಿಕ್ಕ ಗುರುತು ಆ ಒಂದೂವರೆ ಮುಷ್ಟಿಯ ವ್ಯತ್ಯಾಸವಾಗಿತ್ತು.

ಇದರ ಕಾರಣವನ್ನು ನಿಧಾನವಾಗಿ ತಿಳಿದುಕೊಳ್ಳಬೇಕು. ನಕ್ಷತ್ರಗಳನ್ನು ಗುರುತಾಗಿಟ್ಟುಕೊಂಡು ನೋಡಿದರೆ ಭೂಮಿ ತನ್ನ ಸುತ್ತ ಒಂದು ಸುತ್ತು ತಿರುಗಲು 23 ಗಂಟೆ 56 ನಿಮಿಷ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಅದು ಸೂರ್ಯನ ಸುತ್ತಲಿನ ಹಾದಿಯಲ್ಲೂ ಸುಮಾರು 1 ಡಿಗ್ರಿ ಮುಂದೆ ಹೋಗಿರುವುದರಿಂದ, ಸೂರ್ಯನಿಗೆ ಮತ್ತೆ ಅದೇ ಮುಖ ತೋರಿಸಲು ಇನ್ನೂ 4 ನಿಮಿಷ ತಿರುಗಬೇಕಾಗುತ್ತದೆ. ನಮ್ಮ ಗಡಿಯಾರ ನಡೆಯುವುದು ಸೂರ್ಯನ ಲೆಕ್ಕದಲ್ಲಿ. ಹಾಗಾಗಿ ಪ್ರತಿ ನಕ್ಷತ್ರವೂ ದಿನಕ್ಕೆ 4 ನಿಮಿಷ ಮೊದಲೇ ಹುಟ್ಟುತ್ತದೆ, ಹದಿನೈದು ದಿನಕ್ಕೆ ಒಂದು ಗಂಟೆ, ತಿಂಗಳಿಗೆ ಎರಡು ಗಂಟೆ. ಆಕಾಶ ಗಂಟೆಗೆ 15 ಡಿಗ್ರಿ ತಿರುಗುವಂತೆ ತೋರುವುದರಿಂದ ಹದಿನೈದು ದಿನದ ವ್ಯತ್ಯಾಸ ಒಂದೂವರೆ ಮುಷ್ಟಿಯೇ ಆಗಬೇಕು.

ಇಲ್ಲಿಗೆ ಬಂದ ಮೇಲೆ ಮಳೆ ನಕ್ಷತ್ರಗಳ ಅರ್ಥ ತಾನಾಗಿ ತೆರೆದುಕೊಳ್ಳುತ್ತದೆ. ಸೂರ್ಯನ ವಾರ್ಷಿಕ ಹಾದಿಯನ್ನು 27 ಪಾಲು ಮಾಡಿ ಪ್ರತಿ ಪಾಲಿಗೂ ಒಂದು ನಕ್ಷತ್ರದ ಹೆಸರಿಟ್ಟಿದ್ದಾರೆ, ಒಂದೊಂದು ಪಾಲನ್ನು ಸೂರ್ಯ ದಾಟಲು ಹದಿಮೂರು ಹದಿನಾಲ್ಕು ದಿನ ಹಿಡಿಯುತ್ತದೆ. ಮೇ 25ರ ಸುಮಾರಿಗೆ ಸೂರ್ಯ ರೋಹಿಣಿಗೆ ಬರುತ್ತಾನೆ, ಜೂನ್ ಮೊದಲ ವಾರ ಕಳೆಯುವಾಗ ಮೃಗಶಿರಾ, ಅಂದರೆ ಉತ್ತರ ಕರ್ನಾಟಕದವರ ಮಿರಗ, ಜೂನ್ 21, 22ರ ಹೊತ್ತಿಗೆ ಆರಿದ್ರಾ. ಹಾಗಾದರೆ ರೋಹಿಣಿ ಮಳೆ ಸುರಿಯುವ ದಿನಗಳಲ್ಲಿ ರೋಹಿಣಿ ನಕ್ಷತ್ರ ಎಲ್ಲಿರುತ್ತದೆ? ಸೂರ್ಯನ ಬಳಿಯಲ್ಲೇ, ಹಗಲಿನ ಬೆಳಕಿನಲ್ಲಿ ಮುಳುಗಿರುತ್ತದೆ. ಮೋಡವೇ ಇಲ್ಲದಿದ್ದರೂ ಆಗ ಅದು ಕಾಣಿಸದು. ಮಳೆಗೆ ಯಾವ ನಕ್ಷತ್ರದ ಹೆಸರಿದೆಯೋ ಆ ನಕ್ಷತ್ರವನ್ನು ಆ ಮಳೆಯ ಹೊತ್ತಿನಲ್ಲಿ ನೋಡುವುದು ಬಹುತೇಕ ಆಗದ ಮಾತು.

ತಿಂಗಳುಗಳ ಹೆಸರು ಇದಕ್ಕೆ ತೀರ ವಿರುದ್ಧವಾದ ಲೆಕ್ಕದ್ದು. ಹುಣ್ಣಿಮೆಯ ಚಂದ್ರ ಸೂರ್ಯನಿಗೆ ನೇರ ಎದುರಿರುತ್ತಾನೆ. ಆತ ಯಾವ ನಕ್ಷತ್ರದ ಆಸುಪಾಸಿನಲ್ಲಿರುತ್ತಾನೋ ಆ ಹೆಸರು ಮಾಸಕ್ಕೆ ಬಂದಿದೆ. ಕೃತ್ತಿಕೆಯ ಬಳಿ ಹುಣ್ಣಿಮೆಯಾದರೆ ಕಾರ್ತಿಕ, ಮೃಗಶಿರದ ಬಳಿಯಾದರೆ ಮಾರ್ಗಶಿರ, ಚಿತ್ತೆಯ ಬಳಿಯಾದರೆ ಚೈತ್ರ. ಹೀಗಾಗಿ ಮಿರಗದ ಮಳೆ ಜೂನಿನಲ್ಲಿ, ಮಾರ್ಗಶಿರ ಮಾಸ ಡಿಸೆಂಬರ್ ಹೊತ್ತಿಗೆ, ನಡುವೆ ಆರು ತಿಂಗಳ ಅಂತರ. ಕಾರ್ತಿಕ ಹುಣ್ಣಿಮೆಯ ರಾತ್ರಿ ತಾರಸಿಗೆ ಹೋಗಿ ಚಂದ್ರ ಕೃತ್ತಿಕೆಯಿಂದ ಎಷ್ಟು ಮುಷ್ಟಿ ದೂರದಲ್ಲಿದ್ದಾನೆ ಎಂದು ಅಳೆದು ಬರೆಯಿರಿ. ಪ್ರತಿ ವರ್ಷವೂ ಅಂತರ ಒಂದೇ ಇರುವುದಿಲ್ಲ ಎಂಬುದು ಎರಡನೇ ವರ್ಷಕ್ಕೆ ಗೊತ್ತಾಗುತ್ತದೆ.

ಡಿಸೆಂಬರ್, ಜನವರಿಯಲ್ಲಿ ಉಳಿದವರನ್ನು ಗುರುತಿಸುವುದು ಸುಲಭ. ಒಂದೇ ಗೆರೆಯಲ್ಲಿರುವ ಮೂರು ಚುಕ್ಕಿಗಳು ಮಹಾವ್ಯಾಧನ, ಅಂದರೆ ಓರಿಯನ್ ಎಂಬ ಬೇಟೆಗಾರನ ಆಕಾರದ ನಕ್ಷತ್ರಪುಂಜದ, ನಡುಪಟ್ಟಿ. ಡಿಸೆಂಬರ್ ಮಧ್ಯದಲ್ಲಿ ರಾತ್ರಿ 9ರ ಹೊತ್ತಿಗೆ ಅವು ಪೂರ್ವದಲ್ಲಿ ಬಹುತೇಕ ನೆಟ್ಟಗೆ ಒಂದರ ಕೆಳಗೊಂದು ನಿಂತಿರುತ್ತವೆ. ಆ ಗೆರೆಯನ್ನು ಒಂದು ಗೇಣು ಮೇಲಕ್ಕೆ ಎಳೆದರೆ ರೋಹಿಣಿಯ ಬಳಿ ಹೋಗುತ್ತದೆ, ಒಂದು ಗೇಣು ಕೆಳಕ್ಕೆ ಎಳೆದರೆ ಲುಬ್ಧಕಕ್ಕೆ. ರಾತ್ರಿಯ ನಕ್ಷತ್ರಗಳಲ್ಲೆಲ್ಲ ಅತಿ ಪ್ರಕಾಶದ ಲುಬ್ಧಕ ನಮಗೆ 8.6 ಜ್ಯೋತಿರ್ವರ್ಷ ದೂರದಲ್ಲಿದೆ (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಒಂದು ಜ್ಯೋತಿರ್ವರ್ಷ). ನಡುಪಟ್ಟಿಯ ಒಂದು ಪಕ್ಕದ ಕೆಂಪು ನಕ್ಷತ್ರ ಆರಿದ್ರಾ, ಇನ್ನೊಂದು ಪಕ್ಕದ ನೀಲಿ ಬಿಳುಪಿನದು ರೈಜಲ್. ಮೃಗಶಿರಾ ಎಂದರೆ ಇಡೀ ಮಹಾವ್ಯಾಧ ಎಂದುಕೊಂಡವರು ಬಹಳ ಜನ. ಸರಿಯಾಗಿ ಹೇಳುವುದಾದರೆ ಅದು ಆತನ ತಲೆಯ ಜಾಗದಲ್ಲಿ ಒತ್ತೊತ್ತಾಗಿರುವ ಮೂರು ಮಂಕು ಚುಕ್ಕಿಗಳು.

ಬಣ್ಣಗಳ ಮೇಲೆ ಒಂದು ಸಂಜೆ ಪೂರ್ತಿ ಕಳೆದರೂ ನಷ್ಟವಿಲ್ಲ. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಮೊದಲು ಕೆಂಪಾಗಿ, ಆಮೇಲೆ ಹಳದಿಯಾಗಿ, ಕಾವು ಏರಿದಂತೆ ಬಿಳಿಯಾಗುತ್ತದೆ. ನಕ್ಷತ್ರದ ಬಣ್ಣವೂ ಹೀಗೆಯೇ ಅದರ ಮೇಲ್ಮೈ ಶಾಖವನ್ನು ಹೇಳುತ್ತದೆ. ಆರಿದ್ರಾದ ಮೇಲ್ಮೈ ಸುಮಾರು 3,500 ಕೆಲ್ವಿನ್, ನಮ್ಮ ಸೂರ್ಯನದು 5,800ರ ಹತ್ತಿರ, ರೈಜಲ್‌ನದು 12,000ದ ಆಸುಪಾಸು. 2019ರ ಕೊನೆಯಿಂದ 2020ರ ಆರಂಭದವರೆಗೆ ಆರಿದ್ರಾ ಬರಿಗಣ್ಣಿಗೇ ತಿಳಿಯುವಷ್ಟು ಮಂಕಾಗಿತ್ತು, ಅದು ಉಗುಳಿದ ಅನಿಲ ತಂಪಾಗಿ ಧೂಳಾಗಿ ನಮ್ಮ ನೋಟಕ್ಕೆ ಅಡ್ಡ ಬಂದಿತ್ತು. ಅಕ್ಕಪಕ್ಕದ ನಕ್ಷತ್ರಗಳೊಂದಿಗೆ ಹೋಲಿಸಿ ಪ್ರಕಾಶವನ್ನು ಬರೆದಿಡುವ ಅಭ್ಯಾಸ ಇದ್ದವರಿಗೆ ಇಂಥದ್ದು ತಪ್ಪಿಹೋಗುವುದಿಲ್ಲ.

ಉತ್ತರ ಮತ್ತು ದಕ್ಷಿಣದ ಒಂದೊಂದು ಅಳತೆಯೂ ಪುಸ್ತಕದಲ್ಲಿರಲಿ. ಧ್ರುವ ನಕ್ಷತ್ರ ಕ್ಷಿತಿಜದಿಂದ ಎಷ್ಟು ಡಿಗ್ರಿ ಮೇಲಿರುತ್ತದೋ ಅದೇ ನಿಮ್ಮ ಊರಿನ ಅಕ್ಷಾಂಶ, ಬೆಂಗಳೂರಿನಲ್ಲಿ 13, ಧಾರವಾಡದಲ್ಲಿ 15.5, ಬೀದರದಲ್ಲಿ 18ರ ಹತ್ತಿರ. ಫೆಬ್ರವರಿ ಮಧ್ಯದಲ್ಲಿ ರಾತ್ರಿ 9ರ ಹೊತ್ತಿಗೆ ನೇರ ದಕ್ಷಿಣದಲ್ಲಿ, ಬೆಂಗಳೂರಿನಿಂದ ನೋಡಿದರೆ ಎರಡೂವರೆ ಮುಷ್ಟಿಯಷ್ಟು ಮೇಲೆ, ಅಗಸ್ತ್ಯ ಹೊಳೆಯುತ್ತದೆ. ಪ್ರಕಾಶದಲ್ಲಿ ಲುಬ್ಧಕದ ನಂತರದ ಸ್ಥಾನ ಅದರದ್ದೇ. ದೆಹಲಿಯವರಿಗೆ ಅದು ಒಂದು ಮುಷ್ಟಿಯಷ್ಟೂ ಮೇಲೇರದು, ಲಂಡನ್ನಿನವರಿಗೆ ಎಂದೂ ಕಾಣದು.

ಗ್ರಹಗಳನ್ನು ನಕ್ಷತ್ರಗಳ ನಂತರವೇ ಕಲಿಯಬೇಕು, ಯಾಕೆಂದರೆ ಗ್ರಹವೆಂದರೆ ಪರಿಚಿತ ನಕ್ಷತ್ರಗಳ ನಡುವೆ ಕಂಡ ಹೊಸಬ. ಸೂರ್ಯ, ಚಂದ್ರರು ನಡೆಯುವ ಪಟ್ಟಿಯಲ್ಲೇ ಗ್ರಹಗಳೂ ಇರುತ್ತವೆ. ಆ ಪಟ್ಟಿಯಲ್ಲಿ ಮಿನುಗದೆ ಉರಿಯುವ ಹೆಚ್ಚಿನ ಚುಕ್ಕಿ ಕಂಡರೆ ಅದನ್ನು ಗ್ರಹವೆಂದು ಬರೆದುಕೊಳ್ಳಿ. ನಕ್ಷತ್ರ ನಮಗೆ ಬರೀ ಬಿಂದು, ವಾತಾವರಣದ ಅಲುಗಾಟ ಆ ಬಿಂದುವಿನ ಬೆಳಕನ್ನು ಸುಲಭವಾಗಿ ಕದಡುತ್ತದೆ. ಗ್ರಹಕ್ಕೆ ಸಣ್ಣದೊಂದು ಬಿಲ್ಲೆಯ ಅಗಲವಿರುವುದರಿಂದ ಕದಡಿದ್ದು ಒಟ್ಟಿನಲ್ಲಿ ಸರಿದೂಗುತ್ತದೆ. ನಾವು ಬೆಳ್ಳಿ ಎನ್ನುವ ಶುಕ್ರ ಸೂರ್ಯನಿಂದ 47 ಡಿಗ್ರಿಗಿಂತ ಆಚೆ ಹೋಗುವುದಿಲ್ಲ, ಆದ್ದರಿಂದ ಸಂಜೆಯ ಪಡುವಣದಲ್ಲೋ ಬೆಳಗಿನ ಮೂಡಣದಲ್ಲೋ ಮಾತ್ರ ಕಾಣುತ್ತದೆ. ಗುರು ಸೂರ್ಯನನ್ನು ಸುತ್ತಲು ಸುಮಾರು 12 ವರ್ಷ ಬೇಕು, ಹಾಗಾಗಿ ರಾಶಿಗೆ ಒಂದು ವರ್ಷ. ಶನಿಗೆ 29.5 ವರ್ಷ, ರಾಶಿಗೆ ಎರಡೂವರೆ. ಮೂರು ರಾಶಿ ದಾಟಲು ಏಳೂವರೆ. ಜನ ಹೆದರುವ ಸಾಡೇಸಾತಿಯ ಅಂಕಿ ಶನಿಯ ಈ ನಿಧಾನ ನಡೆಯಿಂದ ಬಂದದ್ದು. ಪಂಚಾಂಗ ಹೇಳುವ ಗ್ರಹಸ್ಥಾನವನ್ನು ಆಕಾಶದಲ್ಲಿ ಹೋಲಿಸಿ ನೋಡಬಹುದು, ಫಲವನ್ನು ಹಾಗೆ ನೋಡಲು ಬರುವುದಿಲ್ಲ. ವಿದ್ಯಾರ್ಥಿಗೆ ಈ ಭೇದ ಸ್ಪಷ್ಟವಾಗಿರಬೇಕು.

ದೂರದ ಅಂದಾಜಿಗಾಗಿ ಒಂದು ಹಗಲು ಶಾಲೆಯ ಮೈದಾನಕ್ಕೆ ಬನ್ನಿ. 1 ಸೆಂಟಿಮೀಟರಿಗೆ 1 ಲಕ್ಷ ಕಿಲೋಮೀಟರ್ ಎಂಬ ಲೆಕ್ಕ ಹಿಡಿದರೆ ಸೂರ್ಯ 14 ಸೆಂಟಿಮೀಟರ್ ಅಗಲ, ಒಂದು ದೊಡ್ಡ ತೆಂಗಿನಕಾಯಿ. ಅಲ್ಲಿಂದ 15 ಮೀಟರ್ ಅಳೆದು ಅಂಗೈಯಲ್ಲಿ ಒಂದು ರಾಗಿ ಕಾಳು ಹಿಡಿದು ನಿಂತರೆ ಅದು ಭೂಮಿ. 78 ಮೀಟರಿನಲ್ಲಿ ಒಂದು ಗೋಲಿ, ಅದು ಗುರು. ನೆಪ್ಚೂನ್ 450 ಮೀಟರ್ ಆಚೆ, ಬಹುಶಃ ಊರಿನ ಇನ್ನೊಂದು ಬೀದಿಯಲ್ಲಿ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ ಇದೇ ಲೆಕ್ಕದಲ್ಲಿ 4,000 ಕಿಲೋಮೀಟರ್ ದೂರ, ಕಾಶ್ಮೀರದಿಂದ ಕನ್ಯಾಕುಮಾರಿಯವರೆಗಿನ ಉದ್ದಕ್ಕಿಂತ ಹೆಚ್ಚು. ಈ ಮೈದಾನದಲ್ಲಿ ಬೆಳಕಿನ ವೇಗ ಸೆಕೆಂಡಿಗೆ 3 ಸೆಂಟಿಮೀಟರ್, ಒಂದು ಇರುವೆ ಹರಿದಷ್ಟು. ತೆಂಗಿನಕಾಯಿಯಿಂದ ರಾಗಿ ಕಾಳಿಗೆ ಬರಲು ಅದಕ್ಕೆ 8 ನಿಮಿಷ 20 ಸೆಕೆಂಡ್ ಹಿಡಿಯುತ್ತದೆ. ಮಕ್ಕಳು ಗಡಿಯಾರ ಹಿಡಿದು ಆ ಎಂಟು ನಿಮಿಷ ಕಾಯಲಿ, ಆತುರಪಡಿಸಬೇಡಿ.

ಎರಡನೇ ವರ್ಷಕ್ಕೆ 10×50 ಅಳತೆಯ, ಅಂದರೆ 10 ಪಟ್ಟು ಹಿಗ್ಗಿಸಿ ತೋರಿಸುವ, 50 ಮಿಲಿಮೀಟರ್ ಅಗಲದ ಮಸೂರದ ಒಂದು ಬೈನಾಕ್ಯುಲರ್ ಸಾಕು. ಅದನ್ನು ಗೋಡೆಗೆ ಆನಿಸಿ ಅಲುಗದಂತೆ ಹಿಡಿದರೆ 1610ರಲ್ಲಿ ಗೆಲಿಲಿಯೋ ಕಂಡ ಗುರುವಿನ ನಾಲ್ಕು ಚಂದ್ರರು, ಕೃತ್ತಿಕೆಯ ಹತ್ತಾರು ನಕ್ಷತ್ರಗಳು, ಮಹಾವ್ಯಾಧನ ಕತ್ತಿಯಲ್ಲಿನ ಮಂಜಿನಂಥ ನೀಹಾರಿಕೆ ಕಾಣುತ್ತವೆ. ಶನಿಯ ಬಳೆಗೆ ಮಾತ್ರ ದೂರದರ್ಶಕವೇ ಬೇಕು. ಬರಿಗಣ್ಣಿನಿಂದಾಗಲಿ, ಯಾವುದೇ ಮಸೂರದಿಂದಾಗಲಿ ಸೂರ್ಯನನ್ನು ಎಂದೂ ನೋಡಬಾರದು, ಕಣ್ಣು ಶಾಶ್ವತವಾಗಿ ಹೋಗಬಹುದು.

ನವೆಂಬರಿನಲ್ಲಿ ಮೂಡಣದಲ್ಲಿ ಹಿಡಿದ ರೋಹಿಣಿಯನ್ನು ಏಪ್ರಿಲಿನಲ್ಲೂ ಬಿಡಬೇಡಿ. ಆಗ ಅದು ಪಡುವಣದಲ್ಲಿ ಇಳಿಯುತ್ತಿರುತ್ತದೆ, ಪ್ರತಿ ವಾರ ಸೂರ್ಯಾಸ್ತದ ಬೆಳಕಿಗೆ ಇನ್ನಷ್ಟು ಹತ್ತಿರವಾಗುತ್ತದೆ. ಮೇ ತಿಂಗಳ ಮೊದಲ ವಾರದಿಂದ ದಿನವೂ ಸಂಜೆ ಅದೇ ಜಾಗದಲ್ಲಿ ನಿಂತು ಹುಡುಕಿ, ಕಂಡರೆ ಎಷ್ಟು ಬೆರಳು ಮೇಲಿತ್ತು ಎಂದು ಬರೆಯಿರಿ. ಒಂದು ಸಂಜೆ ಪಡುವಣ ಶುಭ್ರವಾಗಿದ್ದರೂ ಅದು ಸಿಗುವುದಿಲ್ಲ. ಆ ದಿನಾಂಕದ ಮುಂದೆ 'ಕಾಣಲಿಲ್ಲ' ಎಂದು ಬರೆದು, ರೋಹಿಣಿ ಮಳೆ ಹೂಡುವ ದಿನಕ್ಕೆ ಇನ್ನೆಷ್ಟು ದಿನ ಬಾಕಿ ಇದೆ ಎಂದು ಕ್ಯಾಲೆಂಡರಿನಲ್ಲಿ ಎಣಿಸಿ ಅದರ ಪಕ್ಕದಲ್ಲಿ ಬರೆದಿಡಿ.