ಭುಜದ ಸ್ನಾಯುರಜ್ಜುವಿಗೆ ಮಜ್ಜೆಯ ರಕ್ತ: ನನ್ನ ಅನುಭವ

ತೋಳನ್ನು ಎತ್ತಿ ತಿರುಗಿಸುವ ಸ್ನಾಯುರಜ್ಜುಗಳ ಗುಂಪಾದ ರೊಟೇಟರ್ ಕಫ್ ಹರಿದಾಗ ಹೊಲಿಯುವುದು ಬೆಂಗಳೂರಿನಲ್ಲಿ ಈಗ ಯಾರಿಗೂ ಹೊಸತಲ್ಲ. ಹೊಲಿದದ್ದು ಮೂಳೆಗೆ ಕೂಡಿಕೊಳ್ಳುವುದೇ ಕಷ್ಟ. ಮೂರು ಸೆಂಟಿಮೀಟರ್ ಮೀರಿ ಹರಿದ ರಜ್ಜುಗಳನ್ನು ಆರು ತಿಂಗಳ ಬಳಿಕ ಅಲ್ಟ್ರಾಸೌಂಡ್‌ನಲ್ಲಿ ನೋಡಿದರೆ, ನಾನು ಹೊಲಿದವುಗಳಲ್ಲೇ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಮತ್ತೆ ಬಿಟ್ಟುಕೊಂಡಿರುತ್ತಿದ್ದವು. ನೋವು ತಗ್ಗಿದ್ದರಿಂದ ರೋಗಿಗಳೇನೋ ಸಮಾಧಾನದಲ್ಲಿರುತ್ತಿದ್ದರು. ಎತ್ತರದ ತಂತಿಗೆ ಬಟ್ಟೆ ಹರವುವಷ್ಟು, ಬಸ್ಸಿನ ಮೇಲಿನ ಕಂಬಿ ಹಿಡಿದು ನಿಲ್ಲುವಷ್ಟು ಬಲ ಮಾತ್ರ ತೋಳಿಗೆ ಮರಳುತ್ತಿರಲಿಲ್ಲ.

ಮೊದಲು ದುಡ್ಡಿನ ದಾರಿಯನ್ನೇ ಹಿಡಿದೆ. ಒಂದು ಸಾಲಿನ ಬದಲು ಎರಡು ಸಾಲು ಆಂಕರ್ (ರಜ್ಜುವನ್ನು ಮೂಳೆಗೆ ಬಿಗಿಯುವ ಪುಟ್ಟ ತಿರುಪು) ಹಾಕಿದೆ. ಒಂದೊಂದಕ್ಕೂ ಹದಿನೈದು-ಇಪ್ಪತ್ತು ಸಾವಿರ ರೂಪಾಯಿಯಾದ್ದರಿಂದ ವಿಮೆ ಇಲ್ಲದವರ ಬಿಲ್ಲನ್ನು ನೋಡಲು ನನಗೇ ಸಂಕೋಚವಾಗುತ್ತಿತ್ತು. ರಜ್ಜುವಿನ ತುದಿಯೇನೋ ಮೂಳೆಯ ಮೇಲೆ ಗಟ್ಟಿಯಾಗಿ ಕೂತಿತು, ಆದರೆ ಕೆಲವರಲ್ಲಿ ಅದು ಒಳಸಾಲಿನ ಆಚೆ, ಸ್ನಾಯು ಸೇರುವೆಡೆಯಲ್ಲಿ ಹರಿಯಿತು. ಅಲ್ಲಿ ಮತ್ತೆ ಹೊಲಿಯಲು ಏನೂ ಉಳಿದಿರುವುದಿಲ್ಲ. ಬಳಿಕ ಪಿಆರ್‌ಪಿ, ಅಂದರೆ ರೋಗಿಯದೇ ರಕ್ತದಿಂದ ತೆಗೆದ, ಪ್ಲೇಟ್‌ಲೆಟ್ ತುಂಬಿದ ಪ್ಲಾಸ್ಮಾ. ದ್ರವರೂಪದಲ್ಲಿ ಬಿಟ್ಟದ್ದು ಆರ್ತ್ರೋಸ್ಕೋಪಿಯಲ್ಲಿ (ಕೀಲಿನೊಳಗೆ ಕ್ಯಾಮೆರಾ ಇಳಿಸಿ ಮಾಡುವ ಶಸ್ತ್ರಚಿಕಿತ್ಸೆ) ಹರಿಸುವ ಸಲೈನಿನೊಂದಿಗೇ ಕೊಚ್ಚಿಹೋಯಿತೆಂದು ನನ್ನ ಅನುಮಾನ. ರೋಗಿಯ ಹತ್ತು ಸಾವಿರ ಹೋದದ್ದಂತೂ ನಿಶ್ಚಯ.

ಅಮೆರಿಕದ ಭುಜದ ಶಸ್ತ್ರವೈದ್ಯ ಸ್ಟೀಫನ್ ಸ್ನೈಡರ್ ಅವರು, ರಜ್ಜು ಕೂಡಲು ನೆರವಾಗಲೆಂದು, ಗ್ರೇಟರ್ ಟ್ಯುಬರಾಸಿಟಿಯಲ್ಲಿ (ತೋಳಿನ ಮೂಳೆಯ ಮೇಲ್ತುದಿಯ ಉಬ್ಬು) ರಂಧ್ರ ಮಾಡಿ ಮಜ್ಜೆಯ ರಕ್ತವನ್ನು ಹೊರಬರಿಸುವ ಕ್ರಮವನ್ನು ಬಹಳ ಹಿಂದೆಯೇ ಹೇಳಿದ್ದರು. ಅದನ್ನು ಕೈಗೆತ್ತಿಕೊಂಡಾಗ ನಮ್ಮ ಹಿರಿಯರೊಬ್ಬರು, "ಮೊದಲೇ ಟೊಳ್ಳು ಮೂಳೆ, ಅದಕ್ಕೆ ಇನ್ನಷ್ಟು ತೂತು ಹೊಡೆದ್ರೆ ಆಂಕರ್ ಕೈಗೇ ಬರುತ್ತೆ ಕಣಯ್ಯ" ಎಂದರು. ಹಾಗಾಗಲಿಲ್ಲ. ಆಂಕರ್‌ಗಳಿಂದ ದೂರ ಸರಿದು, ರಜ್ಜು ಮೂಳೆಗೆ ಅಂಟುವ ಜಾಗವಾದ ಫುಟ್‌ಪ್ರಿಂಟಿನ ಹೊರ ಅಂಚಿನಲ್ಲಿ, ನಾಲ್ಕೈದು ಮಿಲಿಮೀಟರ್ ಅಂತರವಿಟ್ಟು, ಸುಮಾರು ಹತ್ತು ಮಿಲಿಮೀಟರ್ ಆಳಕ್ಕೆ ಆಲ್ (ದಬ್ಬಳದಂಥ ಚೂಪು ಸಲಕರಣೆ) ಇಳಿಸುತ್ತೇನೆ. ಪಂಪಿನ ಒತ್ತಡ ತಗ್ಗಿಸಿದಾಗ ಕೊಬ್ಬಿನ ಹನಿಗಳೊಂದಿಗೆ ರಕ್ತ ಒಸರಲೇಬೇಕು. ಒಸರದಿದ್ದರೆ ಆಳ ಸಾಲದು. ಆಲ್ ಹಿಡಿಯುವ ಕೋನವನ್ನೂ ರಂಧ್ರಗಳ ಅನುಕ್ರಮವನ್ನೂ ಇಲ್ಲಿ ಬರೆಯುವುದಿಲ್ಲ, ಥಿಯೇಟರಿಗೆ ಬಂದು ನಿಂತವರಿಗೆ ತೋರಿಸುತ್ತೇನೆ. ಹೆಚ್ಚುವರಿ ಖರ್ಚು ಸೊನ್ನೆ.

ಇದರ ಜೊತೆಗೇ ಸ್ಲಿಂಗನ್ನು ಪೂರ್ತಿ ಆರು ವಾರಕ್ಕೆ ಬಿಗಿಗೊಳಿಸಿದೆ. ಭುಜ ಬಿಗಿದುಕೊಳ್ಳುತ್ತದೆಂದು ಫಿಸಿಯೋಥೆರಪಿಯವರು ತಕರಾರು ತೆಗೆದರು. ಬಿಗಿದ ಭುಜವನ್ನು ಸಡಿಲಿಸಬಹುದು, ಬಿಟ್ಟ ರಜ್ಜುವನ್ನು ವ್ಯಾಯಾಮದಿಂದ ಕೂಡಿಸಲಾಗದು ಎಂದೆ. ಮೊದಲ ವಾರಗಳಲ್ಲಿ ಡೈಕ್ಲೋಫೆನಾಕ್ ಕೊಡದೆ ಪ್ಯಾರಾಸಿಟಮಾಲ್‌ನಲ್ಲೇ ನಿಭಾಯಿಸುತ್ತೇನೆ. ಸಕ್ಕರೆ ಹತೋಟಿಗೆ ಬಾರದವರ ಶಸ್ತ್ರಚಿಕಿತ್ಸೆಯನ್ನು ಮುಂದೂಡುತ್ತೇನೆ. ಸಿಗರೇಟು ಬಿಡದವರಿಗೆ ದಿನಾಂಕವನ್ನೇ ಕೊಡುವುದಿಲ್ಲ, ಅವರು ಬೇರೆ ಕಡೆ ಹೋದರೂ ಚಿಂತೆಯಿಲ್ಲ.

ಈಗ ಅಷ್ಟೇ ದೊಡ್ಡದಾಗಿ ಹರಿದ ರಜ್ಜುಗಳಲ್ಲಿ ಮತ್ತೆ ಬಿಡುವುದು ಐದಾರಕ್ಕೆ ಒಂದು. ಎಲ್ಲವನ್ನೂ ಒಟ್ಟಿಗೇ ಬದಲಿಸಿದ್ದರಿಂದ ಅಷ್ಟೂ ಶ್ರೇಯ ರಂಧ್ರಗಳದ್ದೇ ಎನ್ನಲಾರೆ; ಪ್ರಕಟವಾದ ಪ್ರಯೋಗಗಳಲ್ಲೂ ಒಮ್ಮತವಿಲ್ಲ. ಆದರೂ ಆ ಹಿರಿಯರೇ ಕಳೆದ ವರ್ಷ ನನ್ನ ಆಲ್ ಎರವಲು ಕೇಳಿದರು.

ಪಕ್ಕದಲ್ಲಿ ಇನ್ನೊಂದು ಪ್ರಯೋಗ ನಡೆದಿದೆ. ತೋಳಿನ ಮುಂಭಾಗದ ಬೈಸೆಪ್ಸ್ ಸ್ನಾಯುವಿನ ಉದ್ದ ತಲೆಯನ್ನು (ಭುಜದೊಳಗೆ ಹಾಯುವ ಅದರ ರಜ್ಜು) ಹೇಗೂ ಕತ್ತರಿಸಬೇಕಾದವರಲ್ಲಿ, ಆ ತುಂಡನ್ನೇ ಚಪ್ಪಟೆ ಮಾಡಿ ರಜ್ಜುವಿನ ಮೇಲೆ ತೇಪೆಯಾಗಿ ಹೊಲಿಯುತ್ತಿದ್ದೇನೆ. ಆಮದು ತೇಪೆಯ ಬೆಲೆಯಂತೂ ಉಳಿಯಿತು. ಆದರೆ ಗೂಟಾಲಿಯೇ ಎಂಬ ಕೊಬ್ಬಿನ ಮಾಪನದಲ್ಲಿ ಮೂರನೆಯ ದರ್ಜೆ ದಾಟಿ ಕೊಬ್ಬು ತುಂಬಿದ ಸ್ನಾಯುವಿಗೆ ನಾನು ಆಲನ್ನೂ ತೇಪೆಯನ್ನೂ ಬಳಸುವುದಿಲ್ಲ. ಅಂಥವರಿಗೆ ಹೊಲಿಗೆಯ ಆಸೆಯನ್ನೇ ತೋರಿಸದೆ, ವಯಸ್ಸು ನೋಡಿ ಚೆಂಡು-ಬಟ್ಟಲು ಅದಲುಬದಲಾದ ಕೃತಕ ಕೀಲಾದ ರಿವರ್ಸ್ ಭುಜದ ಕೀಲಿನ ಮಾತೆತ್ತುತ್ತೇನೆ.