ಬೇಲಿಗಳ ನಡುವಿನ ಕಿರುದಾರಿ: ಎಸೆಕ್ಸ್ ಹಳ್ಳಿಗಳಲ್ಲಿ ಸೈಕಲ್ ತುಳಿಯಲು ಹೊರಟ ಹೊಸಬರಿಗೆ

ಇಂಗ್ಲೆಂಡಿಗೆ ಬಂದು ಸೈಕಲ್ ಕೊಂಡ ನಮ್ಮವರಲ್ಲಿ ಬಹಳ ಮಂದಿ ಎರಡನೇ ತಿಂಗಳಿಗೇ ಅದನ್ನು ಶೆಡ್ಡಿಗೆ ತಳ್ಳಿಬಿಡುತ್ತಾರೆ. ಕಾಲಿನಲ್ಲಿ ಶಕ್ತಿ ಸಾಲದೆ ಅಲ್ಲ, ದಾರಿ ತಪ್ಪಾಗಿ ಆರಿಸಿಕೊಂಡು. ಫೋನು ತೋರಿಸಿದ ನೇರ ದಾರಿ ಹಿಡಿದು ಎ ರಸ್ತೆಗೆ, ಅಂದರೆ ದೊಡ್ಡ ವಾಹನಗಳು ಓಡುವ ಹೆದ್ದಾರಿಗೆ, ಇಳಿಯುತ್ತೇವೆ. ಲಾರಿ ಪಕ್ಕದಲ್ಲೇ ಹಾದು ಹ್ಯಾಂಡಲ್ ಒಮ್ಮೆ ಅಲುಗಿದರೆ ಸಾಕು, ಮತ್ತೆ ಹತ್ತುವ ಮನಸ್ಸೇ ಬರುವುದಿಲ್ಲ. ಸೈಕಲ್ಲಿಗೆ ಹೇಳಿ ಮಾಡಿಸಿದ ದಾರಿಗಳು ಬೇರೆಯೇ ಇವೆ. ಇಲ್ಲಿಯ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡನೆನ್ಸ್ ಸರ್ವೆಯ ಲ್ಯಾಂಡ್‌ರೇಂಜರ್ ನಕ್ಷೆ ಬಿಡಿಸಿ ನೋಡಿ: ತೆಳು ಹಳದಿ ಗೆರೆಗಳೆಲ್ಲ 4 ಮೀಟರಿಗಿಂತ ಕಿರಿದಾದ ಹಳ್ಳಿ ದಾರಿಗಳು. ಅದೇ ನಕ್ಷೆಯಲ್ಲಿ ರಸ್ತೆಯ ಮೇಲೆ ಒಂದು ಬಾಣದ ಗುರುತಿದ್ದರೆ ಏರು ಏಳಕ್ಕೆ ಒಂದಕ್ಕಿಂತ (ಏಳು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ) ಕಡಿದು, ಎರಡಿದ್ದರೆ ಐದಕ್ಕೆ ಒಂದಕ್ಕಿಂತಲೂ ಕಡಿದು. ಮೊದಲ ವರ್ಷ ಎರಡು ಬಾಣದ ಗೋಜಿಗೆ ಹೋಗಬೇಡಿ.

ಲಂಡನ್ನಿನಲ್ಲಿ ಅಥವಾ ಕೇಂಬ್ರಿಡ್ಜಿನಲ್ಲಿ ಇರುವವರಿಗೆ ಒಂದು ಸುತ್ತು ಹೇಳುತ್ತೇನೆ. ಲಿವರ್‌ಪೂಲ್ ಸ್ಟ್ರೀಟಿನಿಂದ ಕೇಂಬ್ರಿಡ್ಜಿಗೆ ಹೋಗುವ ರೈಲಿನಲ್ಲಿ ನ್ಯೂಪೋರ್ಟ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ ಇಳಿಯಿರಿ. (ವೇಲ್ಸಿನಲ್ಲೂ ಒಂದು ನ್ಯೂಪೋರ್ಟ್ ಇದೆ, ಟಿಕೆಟ್ ತೆಗೆಯುವಾಗ ಎಸೆಕ್ಸಿನದ್ದೇ ಎಂದು ನೋಡಿಕೊಳ್ಳಿ.) ಅಲ್ಲಿಂದ ಪೂರ್ವಕ್ಕೆ ಡೆಬ್ಡನ್, ಕಟ್ಲರ್ಸ್ ಗ್ರೀನ್ ದಾಟಿ ಥ್ಯಾಕ್ಸ್‌ಟೆಡ್, ಅಲ್ಲಿಂದ ಬಾರ್ಡ್‌ಫೀಲ್ಡ್ ಎಂಡ್ ಗ್ರೀನ್, ಲಿಟಲ್ ಬಾರ್ಡ್‌ಫೀಲ್ಡ್ ಮೇಲೆ ಗ್ರೇಟ್ ಬಾರ್ಡ್‌ಫೀಲ್ಡ್, ಆಮೇಲೆ ಫಿಂಚಿಂಗ್‌ಫೀಲ್ಡ್, ಗ್ರೇಟ್ ಸ್ಯಾಂಪ್‌ಫರ್ಡ್, ರ‍್ಯಾಡ್‌ವಿಂಟರ್, ಸ್ಯಾಫ್ರನ್ ವಾಲ್ಡನ್. ಕೊನೆಗೆ ಆಡ್ಲಿ ಎಂಡ್ ಸ್ಟೇಷನ್ನಿನಲ್ಲಿ ವಾಪಸ್ ರೈಲು. ಅದು ನ್ಯೂಪೋರ್ಟಿನ ಪಕ್ಕದ ಸ್ಟೇಷನ್ನೇ. ಎಲ್ಲ ಸೇರಿ 50 ಕಿ.ಮೀ. ಆಸುಪಾಸು. ಹೊಸಬರಿಗೆ ತಿಂಡಿಗೆ ನಿಲ್ಲುವುದೂ ಸೇರಿ ನಾಲ್ಕು ಗಂಟೆ ಇಟ್ಟುಕೊಳ್ಳಿ.

ಈ ದಿಕ್ಕಿನಲ್ಲೇ ಸುತ್ತಬೇಕು. ಇಲ್ಲಿ ಗಾಳಿ ಹೆಚ್ಚು ದಿನ ನೈಋತ್ಯದಿಂದ ಬೀಸುತ್ತದೆ. ಹೀಗೆ ಹೋದರೆ ಥ್ಯಾಕ್ಸ್‌ಟೆಡ್ಡಿನಿಂದ ಮುಂದಕ್ಕೆ ಗಾಳಿ ಬೆನ್ನಿಗೆ, ಫಿಂಚಿಂಗ್‌ಫೀಲ್ಡ್ ಬಿಟ್ಟ ಮೇಲೆ ಪಕ್ಕಕ್ಕೆ. ಎದುರುಗಾಳಿ ಬಾಧಿಸುವುದು ರ‍್ಯಾಡ್‌ವಿಂಟರ್ ದಾಟಿದ ಕೊನೆಯ ತುಂಡಿನಲ್ಲಿ ಮಾತ್ರ. ತಿರುವುಮುರುವಾಗಿ ಹೋದರೆ ಬಾರ್ಡ್‌ಫೀಲ್ಡಿನಿಂದ ಥ್ಯಾಕ್ಸ್‌ಟೆಡ್ಡಿಗೆ ಗಾಳಿ ನೇರ ಮುಖಕ್ಕೆ. ಬಾರ್ಡ್‌ಫೀಲ್ಡ್–ಫಿಂಚಿಂಗ್‌ಫೀಲ್ಡ್ ನಡುವೆ ಮತ್ತು ಸ್ಯಾಂಪ್‌ಫರ್ಡ್ ಕಡೆಯಿಂದ ವಾಲ್ಡನ್ನಿಗೆ, ಎ ರಸ್ತೆಗಿಂತ ಒಂದು ದರ್ಜೆ ಸಣ್ಣದಾದ ಬಿ ರಸ್ತೆಯೇ ಗತಿ. ಬೆಳಗ್ಗೆ ಬೇಗ ಹೊರಟರೆ ತೊಂದರೆಯಿಲ್ಲ. ಬಿಸಿಲಿನ ಭಾನುವಾರ ಮಧ್ಯಾಹ್ನ ಫಿಂಚಿಂಗ್‌ಫೀಲ್ಡಿನ ಬಾತುಕೋಳಿ ಕೆರೆಯ ಸುತ್ತ ಮೋಟಾರ್‌ಸೈಕಲ್‌ಗಳ ಜಾತ್ರೆ ಇರುತ್ತದೆ.

ಎಸೆಕ್ಸ್ ಚಪ್ಪಟೆ ಸೀಮೆ ಎಂದು ಹೇಳುವವರ ಮಾತು ಕೇಳಬೇಡಿ. ಇಡೀ ಕೌಂಟಿಯ ಅತಿ ಎತ್ತರದ ಜಾಗ 147 ಮೀಟರ್ ಮಾತ್ರ, ನಿಜ. ಆದರೆ ಪ್ರತಿ ತೊರೆಗೂ ಒಂದು ಇಳುಕಲು, ಅದರಾಚೆ ಒಂದು ಏರು. ಒಂದೂ ದೊಡ್ಡದಲ್ಲ, ಆದರೆ ಮುಗಿಯುವುದೂ ಇಲ್ಲ. ಏರು ಶುರುವಾಗುವ ಮೊದಲೇ ಗೇರ್ ಇಳಿಸಿ. ಅರ್ಧ ಏರಿದ ಮೇಲೆ ಜಗ್ಗಿ ತುಳಿಯುತ್ತಾ ಬದಲಿಸಿದರೆ ಚೈನ್ ಹಲ್ಲಿನಿಂದ ಜಾರಿ ಒಳಗೆ ಸಿಕ್ಕಿಕೊಳ್ಳುತ್ತದೆ. ಮುಂದೆ 34 ಹಲ್ಲು, ಹಿಂದೆ 32 ಅಥವಾ 34 ಹಲ್ಲಿನ ಚಕ್ರ ಇದ್ದರೆ ಈ ಸೀಮೆಯ ಯಾವ ಏರನ್ನೂ ಕೂತೇ ಹತ್ತಬಹುದು.

ಊರಿನಿಂದ ತಂದ ಎರಡು ಅಭ್ಯಾಸಗಳನ್ನು ಬಿಡಲೇಬೇಕು. ಮೊದಲನೆಯದು ರಸ್ತೆಯ ಅಂಚಿಗೆ ಅಂಟಿಕೊಂಡು ಹೋಗುವುದು. ನಮ್ಮಲ್ಲಿ ಅದು ಜೀವ ಉಳಿಸುವ ಬುದ್ಧಿ, ಇಲ್ಲಿ ಅಪಾಯ. ಅಂಚಿನಲ್ಲಿ ಮುಳ್ಳು, ಕಲ್ಲು, ಚರಂಡಿಯ ಜಾಲರಿ ಇರುತ್ತವೆ. ಅದಕ್ಕಿಂತ ಹೆಚ್ಚಾಗಿ, ನೀವು ಬದಿಗೆ ಸರಿದಷ್ಟೂ ಹಿಂದಿನ ಕಾರಿನವರು ಜಾಗವಿದೆ ಎಂದುಕೊಂಡು ತಿರುವಿನಲ್ಲೇ ನುಗ್ಗುತ್ತಾರೆ. ಇಲ್ಲಿಯ ರಸ್ತೆ ನಿಯಮಗಳ ಪುಸ್ತಕ, 2022ರಲ್ಲಿ ತಿದ್ದಿದ ಹೈವೇ ಕೋಡ್, ಸ್ಪಷ್ಟವಾಗಿ ಹೇಳುತ್ತದೆ: ಕಿರಿದಾದ, ವಾಹನ ಕಡಿಮೆಯಿರುವ ದಾರಿಯಲ್ಲಿ ಲೇನಿನ ಮಧ್ಯದಲ್ಲಿ ಹೋಗಿ, ಉಳಿದ ಕಡೆ ಅಂಚಿನಿಂದ ಕನಿಷ್ಠ ಅರ್ಧ ಮೀಟರ್ ಬಿಡಿ. ಗಂಟೆಗೆ 30 ಮೈಲಿ ವೇಗದವರೆಗೆ ದಾಟುವ ಕಾರು ನಿಮಗೆ ಕನಿಷ್ಠ ಒಂದೂವರೆ ಮೀಟರ್ ಬಿಡಬೇಕು.

ಎರಡನೆಯದು ಕಿವಿಯನ್ನು ನಂಬುವುದು. ಊರಿನಲ್ಲಿ ಹಾರ್ನ್ ಕೇಳಿಸದಿದ್ದರೆ ಹಿಂದೆ ಯಾರೂ ಇಲ್ಲ ಎಂದೇ ಲೆಕ್ಕ. ಇಲ್ಲಿ ಅರ್ಧ ಮೈಲಿಯಿಂದ ಒಂದು ಕಾರು ಸದ್ದಿಲ್ಲದೆ ಹಿಂದೆಯೇ ಬರುತ್ತಿರಬಹುದು. ಗುಂಡಿ ತಪ್ಪಿಸಲು ಬಲಕ್ಕೆ ಸರಿಯುವ ಮುನ್ನ ಪ್ರತಿ ಸಲವೂ ಹೆಗಲ ಮೇಲಿಂದ ತಿರುಗಿ ನೋಡಿ. ಬಿಳಿ ವೃತ್ತದ ಮೇಲೆ ಕಪ್ಪು ಓರೆಗೆರೆಯ ಫಲಕವನ್ನೂ ತಪ್ಪಾಗಿ ಓದಬೇಡಿ. ಅದು ನೆಮ್ಮದಿಯ ಗುರುತಲ್ಲ. ಎರಡು ಬೇಲಿಗಳ ನಡುವಿನ ಆ ಓಣಿಯಲ್ಲೂ ಕಾರಿಗೆ ಗಂಟೆಗೆ 60 ಮೈಲಿವರೆಗೆ ಅನುಮತಿ ಇದೆ ಎಂದರ್ಥ. ಹಳೆಯ ಹೊಲದ ಬದುಗಳನ್ನು ಸುತ್ತಿ ಹೋಗುವ ದಾರಿಗಳಾದ್ದರಿಂದ ತಿರುವುಗಳು ಮುನ್ಸೂಚನೆಯಿಲ್ಲದೆ ಬರುತ್ತವೆ. ಮುಂದೆ ಕಾಣದ ಕಡೆ ಬೆರಳು ಬ್ರೇಕಿನ ಮೇಲೇ ಇರಲಿ. ಕುದುರೆ ಸವಾರರು ಸಿಕ್ಕರೆ ದೂರದಿಂದಲೇ ‘ಹಲೋ’ ಎಂದು ಕೂಗಿ, ನಿಧಾನಿಸಿ, ಬಲಗಡೆಯಿಂದ ಅಗಲವಾಗಿ ದಾಟಿ. ಹಿಂದಿನಿಂದ ಹಠಾತ್ತಾಗಿ ಬೆಲ್ ಹೊಡೆದರೆ ಕುದುರೆ ಬೆದರುತ್ತದೆ.

ಇನ್ನು ಪಂಕ್ಚರ್. ಊರಿನ ದಾರಿಯಲ್ಲಿ ಹಳೇ ಟೈರು ನೇತುಹಾಕಿದ ಅಂಗಡಿ, ನೀರಿನ ತೊಟ್ಟಿ, ‘ಏನಾಯ್ತಣ್ಣಾ’ ಎಂದು ನಿಲ್ಲಿಸಿ ಕೇಳುವ ಒಬ್ಬರು ಎಲ್ಲಿಯಾದರೂ ಸಿಗುತ್ತಾರೆ. ಇಲ್ಲಿ ಅಂಗಡಿಯನ್ನು ನಾವೇ ಹೊತ್ತುಕೊಂಡು ಹೋಗಬೇಕು: ಎರಡು ಟ್ಯೂಬು, ಎರಡು ಟೈರ್ ಲಿವರು, ತೇಪೆ ಸಾಮಾನು, ಸಣ್ಣ ಪಂಪು, ಚೈನ್ ಬಿಚ್ಚುವ ಸಾಧನವಿರುವ ಮಲ್ಟಿಟೂಲ್, ನಿಮ್ಮ ಚೈನಿಗೆ ಹೊಂದುವ ಒಂದು ಕ್ವಿಕ್ ಲಿಂಕ್ (ತುಂಡಾದ ಚೈನನ್ನು ಮತ್ತೆ ಜೋಡಿಸುವ ಕೊಂಡಿ), ಒಂದು 5 ಪೌಂಡ್ ನೋಟು. ನೋಟು ಚಹಾಕ್ಕಲ್ಲ. ಈ ಸೀಮೆಯ ಮಣ್ಣಿನಲ್ಲಿ ಚಕಮಕಿ ಕಲ್ಲು ಹೇರಳ; ಮಳೆ ಬಂದ ಮರುದಿನ ಚೂರಿಯಂಥ ಚೂರುಗಳು ದಾರಿಗೆ ಹರಿದು ಬಂದಿರುತ್ತವೆ. ಅವು ಟ್ಯೂಬನ್ನಲ್ಲ, ಟೈರನ್ನೇ ಸೀಳುತ್ತವೆ. ಸೀಳಿದ ಜಾಗದಲ್ಲಿ ಟೈರಿನ ಒಳಗೆ ನೋಟು ಮಡಿಸಿಟ್ಟು ಗಾಳಿ ಹೊಡೆದರೆ ಸ್ಟೇಷನ್ ತಲುಪಬಹುದು. ಇಲ್ಲಿಯ ನೋಟು ಪ್ಲಾಸ್ಟಿಕ್ಕಿನದು, ಹರಿಯುವುದಿಲ್ಲ.

ಟ್ಯೂಬ್ ಬದಲಿಸುವಾಗ ಆತುರಪಟ್ಟರೆ ಎರಡನೇ ಟ್ಯೂಬೂ ಐದು ನಿಮಿಷದಲ್ಲಿ ಹೋಗುತ್ತದೆ, ಏಕೆಂದರೆ ಮುಳ್ಳು ಟೈರಿನಲ್ಲೇ ಉಳಿದಿರುತ್ತದೆ. ಮೊದಲು ಹಳೇ ಟ್ಯೂಬಿಗೆ ಗಾಳಿ ತುಂಬಿ ತೂತು ಹುಡುಕಿ, ವಾಲ್ವಿನಿಂದ ಅದು ಎಷ್ಟು ದೂರ ಇದೆ ನೋಡಿ, ಟೈರಿನ ಅದೇ ಜಾಗದಲ್ಲಿ ಒಳಗಡೆ ಬೆರಳಾಡಿಸಿ ಮುಳ್ಳನ್ನು ಹೊರಗೆ ತಳ್ಳಿ. ಹೊಸ ಟ್ಯೂಬನ್ನು ದುಂಡಗಾಗುವಷ್ಟು ಊದಿಸಿಯೇ ಕೂರಿಸಿ. ಟೈರಿನ ಅಂಚನ್ನು ವಾಲ್ವಿನ ಎದುರು ಬದಿಯಿಂದ ಶುರುಮಾಡಿ ವಾಲ್ವಿನ ಬಳಿ ಮುಗಿಸಿ. ಕೊನೆಯ ತುಂಡನ್ನು ಹೆಬ್ಬೆರಳಿನಿಂದಲೇ ಒತ್ತಿ. ಲಿವರ್ ಹಾಕಿದರೆ ಟ್ಯೂಬನ್ನು ಕಚ್ಚುತ್ತದೆ. ನಮ್ಮೂರ ಸೈಕಲ್ಲಿನ ವಾಲ್ವೇ ಬೇರೆ, ಇಲ್ಲಿಯ ರೋಡ್ ಸೈಕಲ್ಲಿನ ತೆಳು ಪ್ರೆಸ್ಟಾ ವಾಲ್ವೇ ಬೇರೆ: ತುದಿಯ ಪುಟ್ಟ ನಟ್ಟನ್ನು ಸಡಿಲಿಸಿ, ಒಮ್ಮೆ ಒತ್ತಿ ಗಾಳಿ ಬಿಟ್ಟು, ಆಮೇಲೆ ಪಂಪು ಹಾಕಬೇಕು. ಗಾಳಿ ಕಲ್ಲಿನಂತೆ ಗಟ್ಟಿಯಿರಬೇಕೆಂಬುದೂ ಹಳೆಯ ನಂಬಿಕೆ. 70 ಕಿಲೋ ತೂಕದವರಿಗೆ 28 ಮಿ.ಮೀ. ಟೈರಿನಲ್ಲಿ 70 ಪಿ.ಎಸ್.ಐ. (ಪಂಪಿನ ಮಾಪಕ ತೋರಿಸುವ ಗಾಳಿಯ ಒತ್ತಡದ ಅಳತೆ) ಆಸುಪಾಸು ಸಾಕು. 100 ತುಂಬಿದರೆ ಕೈ ಜುಮ್ಮೆನ್ನುತ್ತದೆ, ಒದ್ದೆ ತಿರುವಿನಲ್ಲಿ ಚಕ್ರ ಜಾರುತ್ತದೆ.

ಸೀಟನ್ನು ಎರಡೂ ಪಾದ ನೆಲಕ್ಕೆ ಊರುವಷ್ಟು ತಗ್ಗಿಸಿಕೊಳ್ಳುವುದೂ ನಮ್ಮವರಲ್ಲಿ ಸಾಮಾನ್ಯ. ಮೊಣಕಾಲು ನೋವು ಅಲ್ಲಿಂದಲೇ. ಪೆಡಲ್ ತೀರ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಮೆತ್ತೆಯಿರುವ ಸೈಕಲ್ ಚಡ್ಡಿಯ ಒಳಗೆ ಬೇರೇನೂ ತೊಡಬಾರದು, ಹೊಲಿಗೆ ಉಜ್ಜಿ ಚರ್ಮ ಕೀಳುತ್ತದೆ. ಹೇಳಲು ಸಂಕೋಚಪಟ್ಟು ಯಾರೂ ಹೇಳದ ಮಾತು ಇದು.

ಹೊಟ್ಟೆಗೆ ಗಂಟೆಗೊಂದು ಬಾಳೆಹಣ್ಣು ಅಥವಾ ಬೆಲ್ಲ-ತುಪ್ಪ ಸವರಿ ಸುತ್ತಿದ ಚಪಾತಿ, ಜೊತೆಗೆ ಅರ್ಧ ಲೀಟರ್ ನೀರು. ಚಿಕ್ಕಿ ಜೇಬಿನಲ್ಲಿರಲಿ. ಕೋಡುಬಳೆ, ಚಕ್ಕುಲಿ ಬೇಡ. ಎಣ್ಣೆಯದು ಏರಿನಲ್ಲಿ ಹೊಟ್ಟೆ ತೊಳಸುತ್ತದೆ. ಹಸಿವಾಗುವ ಮೊದಲೇ ತಿನ್ನಿ. ಹಳ್ಳಿಯ ಕೆಫೆಗಳು ಬೇಗ ಮುಚ್ಚುತ್ತವೆ, ಸೋಮವಾರ ಎಷ್ಟೋ ಕಡೆ ಬಾಗಿಲೇ ತೆರೆಯುವುದಿಲ್ಲ.

ಮೇ ತಿಂಗಳಲ್ಲಿ ಎಣ್ಣೆಬೀಜದ ಹೊಲಗಳು ಹಳದಿಯಾದಾಗ ನಮ್ಮ ಕಡೆಯ ಹುಚ್ಚೆಳ್ಳಿನ ಹೊಲ ನೆನಪಾಗದೆ ಇರದು. ಹೊಸ ಹೊಸ ದಾರಿ ಹುಡುಕುವುದಕ್ಕಿಂತ ಈ ಒಂದೇ ಸುತ್ತನ್ನು ನಾಲ್ಕೂ ಕಾಲದಲ್ಲಿ ಸುತ್ತಿ ಎನ್ನುವುದು ಅದಕ್ಕೇ. ಯಾವ ಮರ ಮೊದಲು ಚಿಗುರುತ್ತದೆ, ಯಾವ ಮನೆಯ ಗೇಟಿನಲ್ಲಿ ಮೊಟ್ಟೆ ಮಾರಲು ಇಟ್ಟಿರುತ್ತಾರೆ ಎಂದು ಗೊತ್ತಾಗುತ್ತಾ ಬಂದಂತೆ ಈ ನೆಲ ಬರೀ ವೀಸಾದ ವಿಳಾಸವಾಗಿ ಉಳಿಯುವುದಿಲ್ಲ. ಕೇಸರಿ ಬೆಳೆದು ಹೆಸರಾದ ಊರು ಸ್ಯಾಫ್ರನ್ ವಾಲ್ಡನ್. ಹೊಲಗಳಲ್ಲಿ ಆ ಬೆಳೆ ನಿಂತು ಶತಮಾನಗಳಾದರೂ ಹೆಸರು ಉಳಿದಿದೆ. ಹಬ್ಬದ ಪಾಯಸಕ್ಕೆ ಕೇಸರಿ ಎಸಳು ಹಾಕುವವರಿಗೆ ಆ ಊರು ಪೂರ್ತಿ ಪರದೇಶ ಅನ್ನಿಸಲಾರದು.

ಕಾಲಕ್ಕೊಂದು ಎಚ್ಚರ ಬೇಕು. ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ, ಹಕ್ಕಿ ಗೂಡು ಕಟ್ಟುವ ಕಾಲವೆಂದು, ರೈತರು ಹೊಲದ ಬೇಲಿ ಕತ್ತರಿಸುವಂತಿಲ್ಲ. ಸೆಪ್ಟೆಂಬರಿನಿಂದ ಯಂತ್ರ ಇಳಿಯುತ್ತದೆ, ದಾರಿಯ ತುಂಬ ಬ್ಲ್ಯಾಕ್‌ಥಾರ್ನ್ ಮುಳ್ಳು. ಹೊಸದಾಗಿ ಕತ್ತರಿಸಿದ ಬೇಲಿ ಕಂಡರೆ ಇಳಿದು, ಸೈಕಲ್ ಎತ್ತಿಕೊಂಡು ನಡೆಯಿರಿ. ಕೊಯ್ಲು ಮುಗಿದ ಮೇಲೆ ಟ್ರ್ಯಾಕ್ಟರ್ ಚೆಲ್ಲಿದ ಕೆಸರು ಮಳೆ ಬಿದ್ದರೆ ಸಾಬೂನಿನಂತೆ. ಚಳಿಗಾಲದಲ್ಲಿ ಉಷ್ಣತೆ 3 ಡಿಗ್ರಿಗಿಂತ ಕೆಳಗಿದ್ದರೆ ಹೊರಡಬೇಡಿ. ಬೇಲಿಯ ನೆರಳಿನಲ್ಲಿ ಮಂಜುಗಡ್ಡೆ ಕಣ್ಣಿಗೆ ಕಾಣುವುದಿಲ್ಲ. ಡಿಸೆಂಬರಿನಲ್ಲಿ 4 ಗಂಟೆಯೊಳಗೇ ಸೂರ್ಯ ಮುಳುಗುತ್ತಾನೆ. ಕತ್ತಲಲ್ಲಿ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಕಾನೂನು. ಹೆಲ್ಮೆಟ್ ಕಾನೂನಲ್ಲ, ಆದರೂ ಹಾಕಿ.

ಕಾಗದಪತ್ರ ಹೆಚ್ಚಿಲ್ಲ: ಕೆಲಸದ ಕಡೆ ಸೈಕಲ್ ಟು ವರ್ಕ್ ಯೋಜನೆ (ಸಂಬಳದಲ್ಲಿ ಮುರಿದುಕೊಂಡು ಸೈಕಲ್ ಕೊಡಿಸುವುದು) ಇದೆಯೇ ಕೇಳಿ, ಸೈಕಲ್ ಸವಾರರ ಸಂಘವಾದ ಸೈಕ್ಲಿಂಗ್ ಯುಕೆ ಸದಸ್ಯರಾದರೆ ಮೂರನೆಯವರಿಗಾಗುವ ನಷ್ಟದ ವಿಮೆ ಸಿಗುತ್ತದೆ, ಕಳುವಾದರೆ ಗುರುತಿಗೆಂದು ಫ್ರೇಮ್ ನಂಬರನ್ನು ಬೈಕ್‌ರಿಜಿಸ್ಟರ್ ಎಂಬ ದಾಖಲೆಯಲ್ಲಿ ಬರೆಸಿ. ಭಾನುವಾರ ರೈಲಿನ ಬದಲು ಬಸ್ಸು ಬಿಟ್ಟಿದ್ದರೆ ಸೈಕಲ್ ಹತ್ತಿಸುವುದಿಲ್ಲ, ಹಿಂದಿನ ರಾತ್ರಿಯೇ ನೋಡಿಕೊಳ್ಳಿ.

ಮಕ್ಕಳ ವಿಷಯ ಬೇರೆ. ಗಂಟೆಗಿಷ್ಟು ಎಂದು ಬಾಡಿಗೆ ಸೈಕಲ್ ತಂದು, ಬಾರಿನ ಕೆಳಗೆ ಕಾಲು ತೂರಿಸಿ, ಮಂಡಿ ಕೆತ್ತಿಸಿಕೊಂಡು ನಾವು ಕಲಿತ ಆ ಬೀದಿ ಇಲ್ಲಿನ ಮಕ್ಕಳಿಗಿಲ್ಲ. ಶಾಲೆಯಲ್ಲಿ ಬೈಕಬಿಲಿಟಿ ಎಂಬ, ರಸ್ತೆಯಲ್ಲಿ ಸೈಕಲ್ ತುಳಿಯುವ ತರಬೇತಿ ಇದ್ದರೆ ತಪ್ಪಿಸಬೇಡಿ. ಅದಾಗುವವರೆಗೆ ಹಳ್ಳಿ ದಾರಿ ಬೇಡ, ಫ್ಲಿಚ್ ವೇಗೆ ಕರೆದೊಯ್ಯಿರಿ. ಬಿಷಪ್ಸ್ ಸ್ಟಾರ್ಟ್‌ಫರ್ಡಿನಿಂದ ಬ್ರೈನ್‌ಟ್ರೀವರೆಗೆ ಇದ್ದ ಹಳೆಯ ರೈಲು ಹಳಿಯ ಜಾಡು ಅದು, ಸುಮಾರು 15 ಮೈಲಿ. ಹಳಿಯ ಜಾಡಾದ್ದರಿಂದ ಕಡಿದಾದ ಏರಿಲ್ಲ. ನೆಲ ಮಣ್ಣಿನದು, ಮಳೆಗಾಲದ ಕೆಸರಿಗೆ 35 ಮಿ.ಮೀ. ಟೈರಾದರೂ ಬೇಕು. ಬ್ರೈನ್‌ಟ್ರೀ ಸ್ಟೇಷನ್ ಕಡೆಯಿಂದ ಶುರುಮಾಡಿ ರೇನ್ ಎಂಬ ಹಳೆಯ ಸ್ಟೇಷನ್ನಿನವರೆಗೆ ಹೋಗಿ ಬನ್ನಿ, ಮೊದಲ ಸಲಕ್ಕೆ ಅಷ್ಟು ಸಾಕು. ಏರು, ಇಳುಕಲು, ಎದುರುಗಾಳಿ ಎಂಬ ಮಾತುಗಳು ಮನೆಯ ಸೋಫಾದ ಮೇಲೆ ಕಲಿಸಿದರೆ ಮಕ್ಕಳ ಬಾಯಲ್ಲಿ ನಿಲ್ಲುವುದಿಲ್ಲ. ಅವು ಮೈಗೆ ತಾಗುವ ಹೊತ್ತಿನಲ್ಲಿ ಹೇಳಿ. ಹೋಗುವಾಗ ಗಾಳಿ ಎದುರಿಗೇ ಇರುತ್ತದೆ. ಅಲ್ಲಿ ಕಾರುಗಳ ಭಯವಿಲ್ಲ, ಹಾಗಾಗಿ ನೀವು ಮುಂದೆ ಹೋಗಿ, ಮಗು ನಿಮ್ಮ ಬೆನ್ನ ಮರೆಯಲ್ಲಿ ಬರಲಿ.